ಶಿರಾಡಿ ಏರಿನಲ್ಲಿ ಎಟಿಎಫ್ ನೂರು ದಾಟಲಿಲ್ಲ

"ಗಾಡಿ ಮಾರಿಬಿಡು ಮಾರಾಯ" ಅಂದಿದ್ದ ಗ್ಯಾರೇಜಿನವನು, ಮೊನ್ನೆ ನನ್ನ ಫೋನಿನಲ್ಲಿ ಸ್ಕ್ಯಾನರ್ ತೋರಿಸಿದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಬಿಸಿಯ ಅಂಕಿ ನೋಡಿ ಸುಮ್ಮನಾದ. ಗುಂಡ್ಯದಿಂದ ದೋಣಿಗಲ್‌ವರೆಗೆ ಟ್ಯಾಂಕರ್ ಹಿಂದೆ ತೆವಳಿದ್ದೇ ತೆವಳಿದ್ದು. ಏಳು ಜನ, ಎಸಿ ಆನ್. 98 ಡಿಗ್ರಿ ದಾಟಲಿಲ್ಲ. ಹೋದ ವರ್ಷ ಇದೇ ಏರಿನಲ್ಲಿ 127 ನೋಡಿದ್ದೆ. ಆಗ ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಎಳೆದರೆ ಡಿಕಾಕ್ಷನ್ ಬಣ್ಣ, ಸೀದ ವಾಸನೆ. ಗೇರ್‌ಬಾಕ್ಸ್ ಬಿಚ್ಚಿ ಕಟ್ಟೋಕೆ ಒಂದು ಮುಕ್ಕಾಲು ಲಕ್ಷ ಕೇಳಿದ್ದರು.

ಮೊದಲು ಜೆ.ಸಿ. ರೋಡಿನಿಂದ 2,200ಕ್ಕೆ ಆಯಿಲ್ ತಣಿಸೋ ಟ್ಯೂಬ್ ಕೂಲರ್ ತಂದೆ. ರೇಡಿಯೇಟರ್ ಒಳಗಿನ ಕೂಲರ್ ಬಿಟ್ಟು ನೇರ ಇದಕ್ಕೇ ಲೈನ್ ಕೊಟ್ಟೆ. ಅಲ್ಲೇ ಎಡವಿದ್ದು. ಸಕಲೇಶಪುರದ ಡಿಸೆಂಬರ್ ಚಳಿಯಲ್ಲಿ ಆಯಿಲ್ 50ಕ್ಕೆ ಏರೋದೇ ಕಷ್ಟ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕನ್ವರ್ಟರ್ ಲಾಕ್ ಆಗೋಕೆ ಹತ್ತು ಕಿಲೋಮೀಟರ್ ಬೇಕು. ಘಾಟಿಯಲ್ಲಿ ತೆವಳುವಾಗ ಗಾಳಿಯೇ ಇಲ್ಲ, ಮತ್ತೆ 115. ಸಾಲದ್ದಕ್ಕೆ 600 ರೂಪಾಯಿ ಉಳಿಸೋಕೆ ಎಟಿಎಫ್ ಪೈಪಿನ ಬದಲು ಪೆಟ್ರೋಲ್ ಪೈಪ್ ಹಾಕಿದ್ದೆ. ಮಾರನಹಳ್ಳಿ ಹತ್ತಿರ ಕ್ಲಾಂಪಿನಿಂದ ಜಾರಿತು. ಎರಡೂವರೆ ಲೀಟರ್ ಎಟಿಎಫ್ ರಸ್ತೆ ಪಾಲು. ಗಾಡಿ ಹೊತ್ತು ತಂದ ಲಾರಿಗೆ 4,500.

ಎರಡನೇ ಸಲ ಪ್ಲೇಟ್ ಕೂಲರ್, ಸುಮಾರು 7,000. ರೇಡಿಯೇಟರ್‌ನಿಂದ ಹೊರಟ ಆಯಿಲ್ ಇದಕ್ಕೆ, ಇಲ್ಲಿಂದ ಗೇರ್‌ಬಾಕ್ಸಿಗೆ, ನಡುವೆ ಥರ್ಮೋಸ್ಟಾಟ್, ಅಂದ್ರೆ ಆಯಿಲ್ ಬಿಸಿಯಾದ ಮೇಲೇ ಕೂಲರಿಗೆ ಬಿಡೋ ಕವಾಟ. ಮುಂದೆ ಒಂದು ಫ್ಯಾನ್. ಮೊದಲ ದಿನ ಬಿಸಿ ಇನ್ನೂ ಜಾಸ್ತಿ! ಬೆಳಿಗ್ಗೆ ದೇವರ ಮನೆಯಿಂದ ಅಗರಬತ್ತಿ ತಂದು ಫ್ಯಾನ್ ಮುಂದೆ ಹಿಡಿದೆ. ಹೊಗೆ ಕೂಲರ್ ಕಡೆ ಹೋಗದೆ ನನ್ನ ಮುಖಕ್ಕೇ ಬಂತು. ಗಾಳಿ ಉಲ್ಟಾ! ವೈರ್ ಅದಲುಬದಲು ಮಾಡಿ, ರೆಕ್ಕೆ ತಿರುವಿ ಹಾಕಿದೆ. ಅದೊಂದಕ್ಕೇ 14 ಡಿಗ್ರಿ ಇಳಿಯಿತು.

ಫ್ಯಾನ್ ಶುರುವಾಗೋಕೆ ಸಿಗ್ನಲ್ ಎಲ್ಲಿಂದ ತಗೊಂಡೆ ಅನ್ನೋದನ್ನ ಮಾತ್ರ ಹೇಳಲ್ಲ. ಮೂರು ತಿಂಗಳು ಒದ್ದಾಡಿ ಕಂಡುಕೊಂಡಿದ್ದು, ನೀವೂ ಸ್ವಲ್ಪ ಒದ್ದಾಡಿ.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಏರಿನಲ್ಲಿ ಡಿ (ಗೇರ್ ತಾನೇ ಬದಲಾಗೋ ಸ್ಥಾನ) ಬಿಟ್ಟು ಎರಡನೇ ಗೇರಿನಲ್ಲೇ ಹಿಡಿದರೆ ಆರೇಳು ಡಿಗ್ರಿ ಕಮ್ಮಿ. ಇಂಜಿನ್ ಕಿರುಚುತ್ತೆ, ಹೆಂಡತಿ ಬೈತಾಳೆ, ಅಷ್ಟೇ. ಗ್ರಿಲ್ ಹಿಂದೆ ಗಾಳಿಗೆ ಅಡ್ಡ ನಿಂತಿದ್ದ ಜೋಡಿ ಹಾರ್ನ್ ಪಕ್ಕಕ್ಕೆ ಸರಿಸಿದ್ದಕ್ಕೆ ಇನ್ನೊಂದು ಮೂರು. ಅದಕ್ಕೆ ಖರ್ಚು ಎರಡು ಬೋಲ್ಟ್.

ಹೊಸ ಆಯಿಲ್ ಸೇರಿ ಒಟ್ಟು 24 ಸಾವಿರ ಆಗಿರಬೇಕು, ಅದರಲ್ಲಿ ಒಂಬತ್ತು ಸಾವಿರ ದಂಡ. 14 ಸಾವಿರ ಕಿಲೋಮೀಟರ್ ಆಯ್ತು, ಬಿಳಿ ಬಟ್ಟೆ ಮೇಲೆ ಆಯಿಲ್ ಹನಿ ಬಿಟ್ಟರೆ ಹೊಸದರ ಹಾಗೆ ಇನ್ನೂ ಕೆಂಪಗೇ ಇದೆ. ಗ್ಯಾರೇಜಿನವನು ಈಗ ಭಾವನ ಗಾಡಿಗೂ ಹಾಕಿಕೊಡು ಅಂತಿದ್ದಾನೆ. ಹಾಕಿಕೊಡ್ತೀನಿ, ಲೇಬರ್ ಬೇರೆ.