ಅಜ್ಜ ಕತ್ತರಿಸಿದ್ದಲ್ಲ: ಹಳೇ ರಿವಾಲ್ವರ್‌ಗಳ ಅಚ್ಚು ಓದಿದ ಅನುಭವ

ಸೆಪ್ಟೆಂಬರ್ 3ಕ್ಕೆ ಕೊಡಗಿನಲ್ಲಿ ಕೈಲ್ ಪೊಳ್ದ್. ಕೋವಿಗಳನ್ನು ಒರೆಸಿ, ನಳಿಗೆಯ ತುದಿಗೆ ತೋಕ್ ಪೂ ಅನ್ನುವ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಹಬ್ಬ ಮುಗಿದ ವಾರದಲ್ಲಿ ನನ್ನ ಫೋನ್ ಬಡಿದುಕೊಳ್ಳುವುದು ಜಾಸ್ತಿ. ಕೋವಿ ತೆಗೆಯುವಾಗ ಟ್ರಂಕಿನ ತಳದಲ್ಲಿದ್ದ ಅಜ್ಜನ ರಿವಾಲ್ವರ್ ಕೂಡ ಕೈಗೆ ಸಿಕ್ಕಿರುತ್ತದೆ. "ಇದು ಯಾವುದು ಅಂತ ಸ್ವಲ್ಪ ನೋಡ್ತೀರಾ?"

ನಾನು ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧಗಳನ್ನು ನೋಡಿಕೊಂಡು ರಿಪೇರಿ ಮಾಡುವವನು, ಆಗಿದ್ದವನು. ಅಲ್ಲಿ ಒಂದು ಆಯುಧದ ನಂಬರ್ ತಪ್ಪಿದರೂ ಆ ರಾತ್ರಿ ನಿದ್ದೆ ಇಲ್ಲ. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿಲ್ಲ. ನಂಬರ್ ಕಂಡರೆ ಓದಲೇಬೇಕು.

ಮೊದಲು ಕೇಳುವುದು ಕಾಗದ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಆಯುಧ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಸರಕಾರ 2029ರವರೆಗೆ ಮುಂದುವರಿಸಿದೆ, ನಿಜ. ಆದರೆ ಬ್ರಿಟಿಷ್ ಸೈನ್ಯದ .455 ಮತ್ತು .380 ತೋಟಾ ಹಿಡಿಯುವ ರಿವಾಲ್ವರ್‌ಗಳು ನಮ್ಮ ದೇಶದ ನಿಯಮದಲ್ಲಿ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ತೂತಿನ ಅಳತೆ). "ವಿನಾಯಿತಿ ಇದೆಯಲ್ಲ" ಅನ್ನುವ ಬಾಯಿಮಾತು ನನಗೆ ಸಾಲದು. ಕಾಗದ ತೋರಿಸದ ಹೊರತು ನಾನು ಮುಟ್ಟುವುದಿಲ್ಲ. ಆಮೇಲೆ ರಿವಾಲ್ವರನ್ನು ತೆರೆದು, ತೋಟಾ ಕೂರುವ ಸಿಲಿಂಡರಿನ ಆರು ತೂತೂ ಖಾಲಿ ಇದೆಯಾ ನೋಡುತ್ತೇನೆ. ಎರಡು ಸಲ ನೋಡುತ್ತೇನೆ. "ಅರವತ್ತು ವರ್ಷದಿಂದ ಖಾಲಿನೇ" ಅಂದ ಒಂದು ಮನೆಯಲ್ಲಿ ಎರಡು ತೋಟಾ ಹಸಿರು ಕಿಲುಬು ಹಿಡಿದು ಒಳಗೇ ಕೂತಿದ್ದವು.

ಈಗ ವಿಷಯಕ್ಕೆ ಬರುತ್ತೇನೆ. ವಿರಾಜಪೇಟೆ ಕಡೆಯ ಒಂದು ಮನೆಯಲ್ಲಿ ನೋಡಿದ ವೆಬ್ಲಿ ನನ್ನ ತಲೆಯನ್ನು ಎರಡು ದಿನ ತಿಂದಿತು. ಬ್ರಿಟನ್ನಿನ ವೆಬ್ಲಿ ಕಂಪನಿಯ ಸೈನ್ಯದ ರಿವಾಲ್ವರ್‌ಗಳಲ್ಲಿ ಆರು ಮಾರ್ಕ್‌ಗಳು, ಅಂದರೆ ಮಾದರಿಗಳು, ಇವೆ. 1887ರಲ್ಲಿ ಮಾರ್ಕ್ 1 ಬಂತು, 1899ರಲ್ಲಿ ಮಾರ್ಕ್ 4, 1913ರಲ್ಲಿ ಮಾರ್ಕ್ 5, 1915ರಲ್ಲಿ ಮಾರ್ಕ್ 6. ಮೊದಲ ಐದರ ಹಿಡಿಕೆ ಹಕ್ಕಿಯ ತಲೆಯ ಹಾಗೆ ಕೆಳಗೆ ದುಂಡಗೆ ಬಾಗಿರುತ್ತದೆ, ನಳಿಗೆ ಸಾಮಾನ್ಯವಾಗಿ 4 ಇಂಚು. ಮಾರ್ಕ್ 6ರ ಹಿಡಿಕೆ ಚೌಕ, ನಳಿಗೆ 6 ಇಂಚು. ಇಷ್ಟು ಗೊತ್ತಿದ್ದರೆ ಹತ್ತರಲ್ಲಿ ಒಂಬತ್ತನ್ನು ದೂರದಿಂದಲೇ ಹೇಳಬಹುದು.

ಇದು ಹತ್ತನೆಯದು. ಹಿಡಿಕೆ ದುಂಡಗೆ, ನಳಿಗೆ 6 ಇಂಚು. ಮನೆಯವರ ಕತೆ ಸಿದ್ಧವಾಗಿತ್ತು. ಅಜ್ಜನ ಕೈ ಚಿಕ್ಕದಂತೆ, ಚೌಕ ಹಿಡಿಕೆ ಹಿಡಿತಕ್ಕೆ ಬರುತ್ತಿರಲಿಲ್ಲವಂತೆ, ಅದಕ್ಕೆ ಕಮ್ಮಾರನ ಹತ್ತಿರ ಕತ್ತರಿಸಿ ಅರ ಹಾಕಿಸಿದರಂತೆ. ಕೇಳುವುದಕ್ಕೆ ಚೆನ್ನಾಗಿದೆ. ನಾನೂ ಅರ್ಧ ನಂಬಿದೆ. ಹಿಡಿಕೆ ಒಂದು ಕಾಲದ್ದು, ನಳಿಗೆ ಇನ್ನೊಂದು ಕಾಲದ್ದು ಅನ್ನುವ ಕಲಬೆರಕೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ನನ್ನ ಸಾಮಾನು ದೊಡ್ಡದೇನಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ಟಾರ್ಚ್, ವರ್ನಿಯರ್ ಕ್ಯಾಲಿಪರ್, ಹಳೇ ಹಲ್ಲುಜ್ಜುವ ಬ್ರಷ್, ಸೀಮೆಎಣ್ಣೆ, ಶಾಲೆಯ ಬಿಳಿ ಸೀಮೆಸುಣ್ಣ. ಸೀಮೆಎಣ್ಣೆಯಲ್ಲಿ ಜಿಡ್ಡು ಬಿಡಿಸಿ, ಒಣಗಿದ ಮೇಲೆ ಅಚ್ಚಿನ ಮೇಲೆ ಸುಣ್ಣ ಉಜ್ಜಿ ಬಟ್ಟೆಯಿಂದ ಒರೆಸಿದರೆ ಅಕ್ಷರದ ಗುಂಡಿಯಲ್ಲಿ ಬಿಳಿ ನಿಲ್ಲುತ್ತದೆ. ಟಾರ್ಚನ್ನು ನೆತ್ತಿಯಿಂದ ಬಿಡಬಾರದು, ಪಕ್ಕದಿಂದ ಮಲಗಿಸಿ ಬಿಡಬೇಕು. ಸವೆದ ಅಕ್ಷರವೂ ನೆರಳು ಚೆಲ್ಲುತ್ತದೆ. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ ಮಾರಾಯ್ರೇ. ಒಂದು ಮನೆಯವರು ಪೇಟೆಯ ಅಂಗಡಿಯೊಂದರಲ್ಲಿ ಪಾಲಿಶ್ ಮಾಡಿಸಿ ಹೊಸ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಡುನೀಲಿ ಬಣ್ಣ) ಹಾಕಿಸಿದ್ದರು. ಥಳಥಳ ಹೊಳೆಯುತ್ತಿತ್ತು. ಅಚ್ಚು ಒಂದೂ ಉಳಿದಿರಲಿಲ್ಲ. ಮುಖ ತೊಳೆಯಲು ಹೋಗಿ ಮೂಗನ್ನೇ ಒರೆಸಿ ಹಾಕಿದ ಹಾಗೆ.

ವಿರಾಜಪೇಟೆಯ ವೆಬ್ಲಿಗೆ ಮೊದಲು ಕ್ಯಾಲಿಪರ್ ಹಿಡಿದೆ. ಮಾರ್ಕ್ 4ಕ್ಕಿಂತ ಮಾರ್ಕ್ 5ರ ಸಿಲಿಂಡರ್ 0.12 ಇಂಚು, ಅಂದರೆ ಸುಮಾರು 3 ಮಿಲಿಮೀಟರ್ ದಪ್ಪ. ಕರಿಮದ್ದು ಹೋಗಿ ಹೊಗೆಯಿಲ್ಲದ ಮದ್ದು ಬಂದಿತ್ತು, ಅದರ ಒತ್ತಡಕ್ಕೆ ಗಟ್ಟಿ ಗೋಡೆ ಬೇಕಿತ್ತು. ನನ್ನ ಮುಂದಿದ್ದದ್ದು ದಪ್ಪ ಸಿಲಿಂಡರ್. ಹಾಗಾದರೆ ಮಾರ್ಕ್ 4 ಅಲ್ಲ. ಉಳಿದದ್ದು 5 ಅಥವಾ 6.

ಆಮೇಲೆ ಹಿಡಿಕೆ. ಅಜ್ಜ ಕತ್ತರಿಸಿದ್ದೇ ನಿಜವಾದರೆ ಕತ್ತರಿಸಿದ ಅಂಚಿನಲ್ಲಿ ಅರದ ಗೀರು ಇರಬೇಕು, ಮೂಲ ಬಣ್ಣ ಅಲ್ಲಿಗೆ ನಿಲ್ಲಬೇಕು, ಪಕ್ಕದ ಪಟ್ಟಿಗಳನ್ನೂ ಹೊಸದಾಗಿ ಕೆತ್ತಿರಬೇಕು. ಮೂರೂ ಇಲ್ಲ. ಹಳೇ ಬ್ಲೂಯಿಂಗ್ ಬಾಗಿನ ಸುತ್ತ ಒಂದೇ ಸಮ ಸವೆದು ಕಂದಾಗಿತ್ತು. ನಂಬರ್ ನೋಡಿದೆ. ಫ್ರೇಮಿನಲ್ಲಿ, ನಳಿಗೆಯಲ್ಲಿ, ಸಿಲಿಂಡರ್‌ನಲ್ಲಿ ಮೂರು ಕಡೆಯೂ ಅದೇ. ನಾಲ್ಕನೇ ಅಂಕಿ ಮೂರು ಕಡೆಯೂ ಸ್ವಲ್ಪ ಎಡಕ್ಕೆ ವಾಲಿತ್ತು. ಅದನ್ನು ನೋಡಿದಾಗ ಆದ ಖುಷಿ ಹೇಳಲಾರೆ. ಒಂದೇ ಕೈ, ಒಂದೇ ದಿನ, ಒಂದೇ ಅಚ್ಚಿನ ಮೊಳೆ.

ಕೊನೆಗೆ ಎಡಬದಿಯಲ್ಲಿ ಸುಣ್ಣ ಉಜ್ಜಿದಾಗ ಮಾರ್ಕ್ ಅನ್ನುವ ಅಕ್ಷರಗಳ ಮುಂದೆ ರೋಮನ್ ಐದು ಎದ್ದು ಬಂತು. ಕೆಳಗೆ 1915. ಆ ವರ್ಷ ಯುದ್ಧದ ಅವಸರದಲ್ಲಿ ಮಾರ್ಕ್ 5ರ ಕೆಲವನ್ನು ಕಾರ್ಖಾನೆಯಲ್ಲೇ 5 ಮತ್ತು 6 ಇಂಚಿನ ನಳಿಗೆ ಹಾಕಿ ಕಳಿಸಿದ್ದರು. ಮಾರ್ಕ್ 5 ತಯಾರಾದದ್ದೇ ಎರಡು ವರ್ಷದಷ್ಟು ಕಾಲ. ಅದರಲ್ಲೂ ಉದ್ದ ನಳಿಗೆಯದು. ಅಜ್ಜ ಏನೂ ಕತ್ತರಿಸಿರಲಿಲ್ಲ.

ಅಂದಿನಿಂದ ನಾನು ಹಿಡಿದ ದಾರಿ ಇದು: ವಿಚಿತ್ರವಾಗಿ ಕಂಡದ್ದನ್ನು ಮೊದಲು ರಿಪೇರಿ ಅಂತಲೇ ಅನುಮಾನಿಸುತ್ತೇನೆ. ನಿಜವಾದ ವೇರಿಯಂಟ್, ಅಂದರೆ ಕಾರ್ಖಾನೆಯಲ್ಲೇ ಹಾಗೆ ಮಾಡಿದ ಬಗೆ, ಆಗಿದ್ದರೆ ಅದರ ವಿಚಿತ್ರಕ್ಕೆ ನಂಬರ್, ಬಣ್ಣ, ಪರೀಕ್ಷೆಯ ಮುದ್ರೆ ಮೂರೂ ಸಾಕ್ಷಿ ಹೇಳುತ್ತವೆ. ರಿಪೇರಿಯಾಗಿದ್ದರೆ ಎಲ್ಲೋ ಒಂದು ಕಡೆ ಸಾಕ್ಷಿ ತಿರುಗಿ ಬೀಳುತ್ತದೆ.

ಉಲ್ಟಾ ಕೂಡ ಆಗುತ್ತದೆ. ಗೋಣಿಕೊಪ್ಪದ ಹತ್ತಿರ ಒಂದು ಮನೆಯಲ್ಲಿ ಬ್ರಿಟಿಷ್ ಸೈನ್ಯದ ಇನ್ನೊಂದು ರಿವಾಲ್ವರ್, ಎನ್‌ಫೀಲ್ಡ್ ನಂಬರ್ 2 ಇತ್ತು, .380 ಬೋರಿನದು. ಅದರ ಹ್ಯಾಮರ್‌ಗೆ, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆಗೆ, ಹೆಬ್ಬೆರಳು ಇಡುವ ಕೊಕ್ಕೇ ಇಲ್ಲ. "ಯಾರೋ ಮುರಿದು ಹಾಕಿದ್ದಾರೆ" ಅಂತ ಮನೆಯವರಿಗೆ ಬೇಜಾರು. ಮುರಿದದ್ದಲ್ಲ. 1932ರ ಮಾರ್ಕ್ 1ರಲ್ಲಿ ಕೊಕ್ಕೆ ಇತ್ತು. ಟ್ಯಾಂಕಿನೊಳಗೆ ಹತ್ತಿ ಇಳಿಯುವಾಗ ಅದು ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ 1938ರಲ್ಲಿ ಕೊಕ್ಕೆ ತೆಗೆದ ಮಾದರಿ ಬಂತು. ಮಾರ್ಕ್ 1ರ ಪಕ್ಕ ಒಂದು ನಕ್ಷತ್ರ ಒತ್ತಿದರು. ಹಳೆಯವನ್ನೂ ವರ್ಕ್‌ಶಾಪಿಗೆ ಬಂದ ಹಾಗೆ ಬದಲಿಸಿದರು. ಅದಕ್ಕೇ ಇಸವಿ 1938ಕ್ಕಿಂತ ಹಿಂದಿನದಿದ್ದು ನಕ್ಷತ್ರ ಬೇರೆ ಮೊಳೆಯಲ್ಲಿ ಒತ್ತಿದ್ದರೆ ಅದು ಬದಲಾದ ಮಾರ್ಕ್ 1. ಈಗ ಅಪರೂಪ ಯಾವುದು ಹೇಳಿ? ಕೊಕ್ಕೆ ಇಲ್ಲದ್ದಲ್ಲ, ಕೊಕ್ಕೆ ಉಳಿಸಿಕೊಂಡದ್ದು. ಮಾಮೂಲಿಯಾಗಿ ಕಾಣುವುದೇ ಅಪರೂಪ!

ಗೋಣಿಕೊಪ್ಪದ್ದರ ಬಲಬದಿ ನೋಡಿದರೆ ಎನ್‌ಫೀಲ್ಡ್ ಅನ್ನುವ ಹೆಸರೇ ಇಲ್ಲ. ಅಲ್ಲಿ ಇದ್ದದ್ದು ಆಲ್ಬಿಯನ್. ಸ್ಕಾಟ್ಲೆಂಡಿನ ಲಾರಿ ಕಂಪನಿ ಅದು. ಎರಡನೇ ಮಹಾಯುದ್ಧದಲ್ಲಿ ಅವರಿಗೂ ರಿವಾಲ್ವರ್ ಮಾಡುವ ಕೆಲಸ ಬಿದ್ದಿತ್ತು. ಹೊಲಿಗೆ ಮೆಷಿನ್ನಿನ ಸಿಂಗರ್ ಕಂಪನಿಯೂ ಇದರ ಭಾಗಗಳನ್ನು ಮಾಡಿದೆ. ಮನೆಯೊಡತಿ ಮೂಲೆಯಲ್ಲಿದ್ದ ತಮ್ಮ ಸಿಂಗರ್ ಮೆಷಿನ್ನನ್ನು ತಿರುಗಿ ನೋಡಿ, "ಇದೇ ಕಂಪನಿನಾ?" ಅಂದರು. ಅದೇ.

ಒಂದು ಮಾತು ಇಲ್ಲಿ ಹೇಳಬೇಕು. ಇಷ್ಟು ಬಗೆ ನಮ್ಮ ಟ್ರಂಕುಗಳಿಗೆ ಬಂದದ್ದು ಹೇಗೆ? ಆ ಕಾಲದ ಅಧಿಕಾರಿಗಳು ತಮ್ಮ ರಿವಾಲ್ವರನ್ನು ತಾವೇ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಸೈನ್ಯದ .455 ತೋಟಾ ಹಿಡಿದರೆ ಸಾಕು, ಯಾವ ಕಂಪನಿಯದಾದರೂ ಸರಿ. ಹಾಗಾಗಿ ವೆಬ್ಲಿ ಇದೆ, ಅಮೆರಿಕದ ಕೋಲ್ಟ್ ಇದೆ, ಸ್ಮಿತ್ ಅಂಡ್ ವೆಸನ್ ಇದೆ. ಸಿಲಿಂಡರಿನ ಮೇಲೆ ಹಾಯುವ ಲೋಹದ ಪಟ್ಟಿಯಲ್ಲಿ ತಯಾರಕರ ಬದಲು ಮಾರಿದ ಅಂಗಡಿಯ ಹೆಸರು ಇರುವುದೂ ಉಂಟು: ಆರ್ಮಿ ಅಂಡ್ ನೇವಿ ಸ್ಟೋರ್ಸ್, ಕಲ್ಕತ್ತೆಯ ಮ್ಯಾಂಟನ್, ರೋಡಾ. 1914ರ ಆಗಸ್ಟ್‌ನಲ್ಲಿ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನು ಹಾರಿಸಿಕೊಂಡು ಹೋದದ್ದು ಇದೇ ರೋಡಾ ಕಂಪನಿಗೆ ಬಂದ ಸರಕಿನಿಂದ. ಅಂಗಡಿಯ ಹೆಸರು ನೋಡಿ ಹೊಸ ಕಂಪನಿ ಸಿಕ್ಕಿತು ಅಂತ ಕುಣಿಯಬಾರದು. ನಾನು ಒಂದು ಸಲ ಕುಣಿದಿದ್ದೇನೆ, ಅದಕ್ಕೇ ಹೇಳಿದೆ.

ಸರಕಾರದ್ದೋ ಖಾಸಗಿಯೋ ಅನ್ನುವುದಕ್ಕೆ ಬಾಣದ ಗುರುತು ನೋಡಬೇಕು. ನಾನು ಅದನ್ನು ಕಾಗೆ ಕಾಲು ಅನ್ನುತ್ತೇನೆ. ಕಾಗೆ ಕಾಲಿನ ಜೊತೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಭಾರತ ಸರಕಾರದ ಸೊತ್ತು. ಎರಡು ಕಾಗೆ ಕಾಲು ಮೂತಿಗೆ ಮೂತಿ ಕೊಟ್ಟು ನಿಂತಿದ್ದರೆ ಸೈನ್ಯದಿಂದ ಮಾರಿ ಹೊರಗೆ ಕಳಿಸಿದ್ದು. ಹೆಸರಿನಲ್ಲೂ ಕಾಲ ಇದೆ. 1897ರಲ್ಲಿ ವೆಬ್ಲಿ ಮತ್ತು ಸ್ಕಾಟ್ ಒಂದಾದವು. 1906ರಿಂದ ಬರೀ ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್. ಅದಕ್ಕೆ ಮೊದಲು ಹೆಸರಿನ ನಡುವೆ ರಿವಾಲ್ವರ್ ಅಂಡ್ ಆರ್ಮ್ಸ್ ಅಂತ ಇತ್ತು. ಹೊಸ ಹೆಸರು ಹೊತ್ತದ್ದನ್ನು ದಕ್ಷಿಣ ಆಫ್ರಿಕಾದಲ್ಲಿ 1902ಕ್ಕೇ ಮುಗಿದ ಬೋಯರ್ ಯುದ್ಧದ್ದು ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ನಕಲಿಗಳ ಕತೆ ಬೇರೆ. ಒಬ್ಬರು ತಂದದ್ದರಲ್ಲಿ ಎನ್‌ಫೀಲ್ಡ್ ಪದದ ಎನ್ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿತ್ತು. ಕಿರೀಟದ ಕೆಳಗೆ ವಿಕ್ಟೋರಿಯಾ ರಾಣಿಯ ವಿ.ಆರ್., ಪಕ್ಕದಲ್ಲಿ ಇಸವಿ 1916. ರಾಣಿ ತೀರಿಕೊಂಡದ್ದು 1901ರಲ್ಲಿ. ಈಗ ಪಾಕಿಸ್ತಾನದಲ್ಲಿರುವ ಖೈಬರ್ ಕಡೆಯ ದರ್ರಾ ಊರಿನ ಕುಶಲಕರ್ಮಿಗಳ ಕೈಕೆಲಸದ ಲಕ್ಷಣ ಇದು. ಅರದಲ್ಲೇ ಇಷ್ಟು ಮಾಡಿದ ಕೈಗೆ ನಮಸ್ಕಾರ, ಆದರೆ ಅದರಲ್ಲಿ ತೋಟಾ ಹಾಕುವ ಯೋಚನೆಯೂ ಬೇಡ.

ಅಮೆರಿಕದಲ್ಲಿರುವ ಗೆಳೆಯನೊಬ್ಬ ಒಂದು ವೆಬ್ಲಿ ಮಾರ್ಕ್ 6ರ ಫೋಟೋ ಕಳಿಸಿ, ಇದೂ ವೇರಿಯಂಟಾ ಅಂತ ಕೇಳಿದ. ಸಿಲಿಂಡರ್‌ನ ಹಿಂಬದಿಯಲ್ಲಿ ಹೊಸ ಲೋಹ ಮಿನುಗುತ್ತಿತ್ತು, ನಂಬರಿನ ಒಂದು ಅಂಚೂ ಹಾರಿತ್ತು. ಅಲ್ಲಿ .455 ತೋಟಾ ಸುಲಭವಾಗಿ ಸಿಗದ್ದರಿಂದ ಹಿಂದಿನಿಂದ ಸಿಲಿಂಡರ್ ಕೆರೆದು .45 ಎಸಿಪಿ ಅನ್ನುವ ಪಿಸ್ತೂಲಿನ ತೋಟಾ ಕೂರುವ ಹಾಗೆ ಮಾಡಿ ಮಾರುತ್ತಿದ್ದರು. ಆ ತೋಟಾದ ಒತ್ತಡ ವೆಬ್ಲಿಗೆ ಅತಿಯಾಯಿತು. ವೇರಿಯಂಟ್ ಅಲ್ಲ ಕಣಯ್ಯಾ, ಗೋಡೆಗೆ ನೇತುಹಾಕು ಅಂದೆ. ಮುನಿಸಿಕೊಂಡ.

ನಾನು ಮುಟ್ಟಬೇಕು ಅಂತ ಆಸೆಪಟ್ಟು ಮುಟ್ಟಲಾಗದ್ದು ಒಂದಿದೆ. ಒಂದು ಸಂಗ್ರಹಾಲಯದ ಗಾಜಿನೊಳಗೆ ಬರೀ "ರಿವಾಲ್ವರ್" ಅನ್ನುವ ಚೀಟಿ ಹೊತ್ತು ಮಲಗಿತ್ತು. ಸಿಲಿಂಡರ್ ಸುತ್ತ ಹಾವು ಹರಿದ ಹಾಗೆ ಅಂಕುಡೊಂಕು ಗೀರು. ವೆಬ್ಲಿ ಫಾಸ್ಬೆರಿ! ಗುಂಡು ಹಾರಿದ ಹಿಮ್ಮೆಟ್ಟಿಗೆ ಮೇಲ್ಭಾಗವೇ ಹಿಂದಕ್ಕೆ ಜಾರಿ, ಆ ಗೀರಿನಲ್ಲಿ ಓಡಾಡುವ ಗೂಟ ಸಿಲಿಂಡರನ್ನು ತಿರುಗಿಸಿ, ಹ್ಯಾಮರನ್ನೂ ಎತ್ತಿ ಇಡುತ್ತದೆ. ಇದನ್ನು ಯೋಚಿಸಿದ ಫಾಸ್ಬೆರಿ ಬಂಗಾಳದ ಸೈನ್ಯದಲ್ಲಿದ್ದವರು, 1863ರ ಅಂಬೇಲಾ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು. ಹೆಚ್ಚಿನವು .455, ಆರು ಗುಂಡಿನವು. .38ರ ಎಂಟು ಗುಂಡಿನದು ತೀರಾ ಕಡಿಮೆ. ಗಾಜಿಗೆ ಮೂಗು ಒತ್ತಿ ಸಿಲಿಂಡರಿನ ತೂತು ಎಣಿಸುವುದಕ್ಕೆ ನೋಡಿದೆ. ನಾಲ್ಕರವರೆಗೆ ಬಂದೆ, ಕಾವಲುಗಾರ ಬಂದು ಎಬ್ಬಿಸಿದ.

ವಿರಾಜಪೇಟೆಯ ಮನೆಗೆ ಮತ್ತೆ ಹೋಗಿದ್ದೆ. ಅಜ್ಜನ ಮಗಳು, ಈಗ ಅವರೇ ಅಜ್ಜಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಬೇಜಾರಾಯಿತೇನೋ ಅಂದುಕೊಂಡೆ. ಕಮ್ಮಾರನ ಕತೆ ಹೋಯಿತಲ್ಲ. ಅವರು ಒಳಗೆ ಹೋಗಿ ಒಂದು ಚೀಟಿ, ಪೆನ್ಸಿಲ್ ತಂದರು. "ನೀನು ಹೇಳಿದ್ದನ್ನು ಬರೆದುಕೊಡು. ಅಪ್ಪನ ಕೈ ಚಿಕ್ಕದು ಅನ್ನೋದನ್ನೂ ಸೇರಿಸು, ಅದು ಸುಳ್ಳಲ್ಲ." ಎರಡನ್ನೂ ಬರೆದೆ. ಚೀಟಿಯನ್ನು ವಿನಾಯಿತಿ ಪತ್ರದ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದೇ ಹಳೇ ಬಟ್ಟೆಯೊಳಗೆ ಇಟ್ಟರು.