ತೆಗೆದ ಸ್ಕ್ರೀನ್‌ಶಾಟ್ ಎಲ್ಲಿ ಹೋಯಿತು?

ಲ್ಯಾಪ್‌ಟಾಪಿನಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿ, ಏನೂ ಆಗಲಿಲ್ಲವೆಂದು ಮತ್ತೆ ಮತ್ತೆ ಒತ್ತುವವರು ಬಹಳ. ಹೆಚ್ಚಿನ ಸಲ ಚಿತ್ರ ಬಂದಿರುತ್ತದೆ, ಆದರೆ ಫೈಲ್ ಆಗಿರುವುದಿಲ್ಲ. ಕಾಪಿ ಮಾಡಿದ್ದು ಪೇಸ್ಟ್ ಆಗುವ ತನಕ ತಂಗುವ ಕ್ಲಿಪ್‌ಬೋರ್ಡಿನಲ್ಲಿ ಕೂತಿರುತ್ತದೆ. ಬೇರೇನಾದರೂ ಕಾಪಿ ಮಾಡಿದಿರೋ, ಅದು ಹೋಯಿತು. ಆದ್ದರಿಂದ ಯಾವ ಕೀ ಚಿತ್ರವನ್ನು ಎಲ್ಲಿಗೆ ಕಳಿಸುತ್ತದೆ ಎಂಬುದೇ ಇಲ್ಲಿ ಮುಖ್ಯ.

ಮೊದಲು ವಿಂಡೋಸ್. ಪ್ರಿಂಟ್ ಸ್ಕ್ರೀನ್ ಕೀ ಸಾಮಾನ್ಯವಾಗಿ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಬಲಗಡೆ ಇರುತ್ತದೆ. ಹೆಸರು PrtSc ಎಂಬಂತೆ ಮೊಟಕಾಗಿ ಬರೆದಿರುತ್ತದೆ. ಅದೇ ಕೀಗೆ ಇನ್ನೊಂದು ಕೆಲಸವೂ ಇದ್ದರೆ ಎಫ್‌ಎನ್ ಕೀ ಜೊತೆಗೆ ಒತ್ತಬೇಕಾಗುತ್ತದೆ.

ಫೈಲ್ ಆಗಿಯೇ ಉಳಿಯಬೇಕೆಂದರೆ ವಿಂಡೋಸ್ ಕೀ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿ. ಪರದೆ ಒಂದು ಕ್ಷಣ ಮಂಕಾದರೆ ಚಿತ್ರ ಸೇವ್ ಆಯಿತೆಂದು ಅರ್ಥ. ಪಿಕ್ಚರ್ಸ್ ಫೋಲ್ಡರಿನೊಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರಿನಲ್ಲಿ ಅದು ಸಿಗುತ್ತದೆ. ಅಲ್ಲಿ ಕಾಣದಿದ್ದರೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಒಳಗಿನ ಪಿಕ್ಚರ್ಸ್ ನೋಡಿ. ಬ್ಯಾಕಪ್ ಆನ್ ಇದ್ದಾಗ ಫೋಲ್ಡರು ಅಲ್ಲಿಗೆ ಸೇರಿಕೊಂಡಿರುತ್ತದೆ.

ದಿನನಿತ್ಯದ ಕೆಲಸಕ್ಕೆ ನಮ್ಮ ಆಯ್ಕೆ ವಿಂಡೋಸ್, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತುವುದು. ಪರದೆ ಮಸುಕಾಗಿ ಮೇಲೆ ಸಣ್ಣ ಪಟ್ಟಿ ಬರುತ್ತದೆ. ಬೇಕಾದ ಭಾಗದ ಮೂಲೆಯಿಂದ ಮೂಲೆಗೆ ಮೌಸ್ ಎಳೆದು ಬಿಟ್ಟರೆ ಅಷ್ಟೇ ಭಾಗ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ವಾಟ್ಸಾಪ್ ವೆಬ್, ಇಮೇಲ್ ಅಥವಾ ವರ್ಡ್‌ನಲ್ಲಿ ಕಂಟ್ರೋಲ್ ವಿ ಒತ್ತಿ ನೇರ ಅಂಟಿಸಬಹುದು. ತೆರೆದಿರುವ ಒಂದೇ ವಿಂಡೋ ಸಾಕಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್, ಇದೂ ಕ್ಲಿಪ್‌ಬೋರ್ಡಿಗೇ. ಫೈಲ್ ಬೇಕಾದರೆ ಪೇಂಟ್ ತೆರೆದು ಕಂಟ್ರೋಲ್ ವಿ, ಆಮೇಲೆ ಕಂಟ್ರೋಲ್ ಎಸ್.

ವಿಂಡೋಸ್ 11ರಲ್ಲಿ ಬರೀ ಪ್ರಿಂಟ್ ಸ್ಕ್ರೀನ್ ಒತ್ತಿದರೂ ಇದೇ ಪಟ್ಟಿ ಬರಬಹುದು. ಬೇಡವೆಂದರೆ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಎಂಬಲ್ಲಿ ಹೋಗಿ ಪ್ರಿಂಟ್ ಸ್ಕ್ರೀನ್ ಕೀಗೆ ಸಂಬಂಧಿಸಿದ ಸ್ವಿಚ್ ಆಫ್ ಮಾಡಿ.

ನಾಲ್ಕೈದು ಚಿತ್ರ ಒಂದಾದ ಮೇಲೊಂದು ತೆಗೆಯುವಾಗ ವಿಂಡೋಸ್ ಮತ್ತು ವಿ ಒತ್ತಿ ಕ್ಲಿಪ್‌ಬೋರ್ಡ್ ಹಿಸ್ಟರಿ ಮೊದಲೇ ಆನ್ ಮಾಡಿಟ್ಟುಕೊಳ್ಳಿ. ಕೊನೆಯ 25 ಕಾಪಿಗಳ ತನಕ ಅಲ್ಲಿ ಉಳಿಯುತ್ತವೆ. ಆನ್ ಮಾಡುವ ಮುಂಚೆ ಕಳೆದದ್ದು ಮಾತ್ರ ಸಿಗುವುದಿಲ್ಲ.

ಮೌಸ್ ಸರಿಸಿದ ಕೂಡಲೇ ಮುಚ್ಚಿಹೋಗುವ ಮೆನು ಹಿಡಿಯಬೇಕೆ? ವಿಂಡೋಸ್ ಜೊತೆಗೇ ಬರುವ ಸ್ಕ್ರೀನ್‌ಶಾಟ್ ಆ್ಯಪ್ ಸ್ನಿಪ್ಪಿಂಗ್ ಟೂಲ್ ತೆರೆದು ಗಡಿಯಾರದ ಗುರುತಿನಲ್ಲಿ 5 ಸೆಕೆಂಡ್ ತಡ ಆರಿಸಿ, ಹೊಸ ಚಿತ್ರ ಶುರುಮಾಡಿ, ಅಷ್ಟರೊಳಗೆ ಮೆನು ತೆರೆದಿಡಿ. ಉದ್ದನೆಯ ವೆಬ್ ಪುಟ ಇಡಿಯಾಗಿ ಬೇಕಾದರೆ ಫೈರ್‌ಫಾಕ್ಸ್‌ನಲ್ಲಿ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ರೀನ್‌ಶಾಟ್ ಆಯ್ಕೆಯಲ್ಲಿ ಪೂರ್ತಿ ಪುಟ ಸೇವ್ ಮಾಡಬಹುದು. ಇನ್ನು ಸಿನಿಮಾ ಆ್ಯಪ್‌ಗಳಲ್ಲಿ ಚಿತ್ರ ಕಪ್ಪಾಗಿ ಬಂದರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ. ನಕಲು ತಡೆಯಲೆಂದೇ ಆ ವಿಡಿಯೋಗೆ ರಕ್ಷಣೆ ಹಾಕಿರುತ್ತಾರೆ.

ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್, 3 ಪೂರ್ತಿ ಪರದೆಗೆ. 4 ಒಂದು ಭಾಗಕ್ಕೆ. 4 ಒತ್ತಿದ ಮೇಲೆ ಸ್ಪೇಸ್ ಬಾರ್ ಒತ್ತಿದರೆ ಒಂದು ವಿಂಡೋ ಆರಿಸಬಹುದು. ಚಿತ್ರ ಡೆಸ್ಕ್‌ಟಾಪಿಗೆ ಬರುತ್ತದೆ, ಜೊತೆಗೆ ಕಂಟ್ರೋಲ್ ಹಿಡಿದರೆ ಕ್ಲಿಪ್‌ಬೋರ್ಡಿಗೆ.

ಚಿತ್ರದ ಫೈಲುಗಳಲ್ಲಿ ಪಿಎನ್‌ಜಿ, ಜೆಪಿಜಿ ಎಂಬ ಬಗೆಗಳಿವೆ. ಅಕ್ಷರಗಳಿರುವ ಚಿತ್ರವನ್ನು ಪಿಎನ್‌ಜಿ ಆಗಿಯೇ ಇಡಿ. ಜೆಪಿಜಿ ಮಾಡಿದರೆ ಗಾತ್ರ ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ಒತ್ತಕ್ಷರ, ದೀರ್ಘದ ಗುರುತುಗಳ ಅಂಚು ಕದಡುತ್ತದೆ. ಅರ್ಜಿಯ ವೆಬ್‌ಸೈಟು ಕಡಿಮೆ ಕೆಬಿ ಕೇಳಿದಾಗ ಮೊದಲು ಬೇಡದ ಅಂಚು ಕತ್ತರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಜೆಪಿಜಿ.

ಕಳಿಸುವ ಮುನ್ನ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಮೂಲೆಯಲ್ಲಿ ಇಣುಕುವ ಮೆಸೇಜು ಇವೆಯೇ ಎಂದು ಖಂಡಿತ ನೋಡಿ. ಹೈಲೈಟರ್‌ನಿಂದ ಗೀಚಿದರೆ ಅಡಿಯ ಅಂಕಿ ಕಾಣುತ್ತದೆ. ಪೇಂಟ್‌ನಲ್ಲಿ ಗಟ್ಟಿ ಕಪ್ಪು ಚೌಕದಿಂದ ಮುಚ್ಚಿ. ಕತ್ತರಿಸಿದ ಚಿತ್ರವನ್ನು ಹಳೇ ಫೈಲಿನ ಮೇಲೆಯೇ ಸೇವ್ ಮಾಡಿದರೆ ಕತ್ತರಿಸಿದ ಭಾಗವೂ ಫೈಲಿನಲ್ಲಿ ಉಳಿಯುವ ದೋಷ 2023ರಲ್ಲಿ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿ ಪತ್ತೆಯಾಗಿತ್ತು. ಅದೇ ವರ್ಷ ಸರಿಪಡಿಸಿದ್ದಾರೆ; ಅಪ್‌ಡೇಟ್ ಮಾಡದೆ ಬಿಟ್ಟಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಈಗಲೇ ಮಾಡಿ.