ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸುವ ಮುಂಚೆ ಏನೇನು ನೋಡಬೇಕು

ಹೋದ ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತಿಕೊಂಡು ಒಂದು ಕಾರು ಹಾಸನದ ನನ್ನ ಗ್ಯಾರೇಜಿಗೆ ಬಂತು. ನಾಲ್ಕು ಗೇರಿನ ಹಳೆ ಆಟೋಮ್ಯಾಟಿಕ್. "ರೇಸ್ ಕೊಟ್ಟರೆ ಇಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ ಅಣ್ಣಾ. ದಾರಿಯಲ್ಲಿ ಒಬ್ಬರಿಗೆ ತೋರಿಸಿದೆ, ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು ಅಂದ್ರು" ಎಂದರು ಮಾಲೀಕರು. ನಾನು ಡಿಪ್‌ಸ್ಟಿಕ್ ಎಳೆದು ನೋಡಿದೆ. ತುದಿಗೂ ಆಯಿಲ್ ತಾಕಿರಲಿಲ್ಲ. ರೇಡಿಯೇಟರ್‌ಗೆ ಹೋಗುವ ಕೂಲರ್ ಹೋಸಿನ ಕ್ಲಾಂಪ್ ಸಡಿಲವಾಗಿತ್ತು. ಕ್ಲಾಂಪ್ ಬದಲಿಸಿ, ಆಯಿಲ್ ತುಂಬಿಸಿದ ಮೇಲೆ ಕಾರು ಎಳೆಯಿತು. ಹಾಗೇ ಇನ್ನಷ್ಟು ದೂರ ಓಡಿಸಿದ್ದರೆ ಕ್ಲಚ್ ಪ್ಲೇಟುಗಳು ನಿಜವಾಗಿಯೂ ಸುಟ್ಟುಹೋಗುತ್ತಿದ್ದವು.

ಇಲ್ಲಿ ಹೇಳುವುದು ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸಿಗೆ ಮಾತ್ರ. ಎಎಂಟಿ, ಸಿವಿಟಿ, ಡಬಲ್ ಕ್ಲಚ್ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್‌ಗಳ ಕಥೆಯೇ ಬೇರೆ. ನಮ್ಮ ಗಾಡಿಯಲ್ಲಿ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವುದು ಆಯಿಲಿನ ಒತ್ತಡ. ಗೇರ್ ಜಾರುತ್ತಿದೆ ಅಂದರೆ ಎರಡರಲ್ಲಿ ಒಂದು: ಒತ್ತಡ ಬರುತ್ತಿಲ್ಲ, ಇಲ್ಲವೇ ಒತ್ತಡ ಬಂದರೂ ಹಿಡಿಯಲು ಪ್ಲೇಟಿನಲ್ಲಿ ಏನೂ ಉಳಿದಿಲ್ಲ. ಮೊದಲನೆಯದು ಹೈಡ್ರಾಲಿಕ್, ಎರಡನೆಯದು ಮೆಕ್ಯಾನಿಕಲ್. ಕೆಳಗಿನ ಪರೀಕ್ಷೆಗಳೆಲ್ಲ ಇದನ್ನು ಬೇರೆ ಮಾಡಲಿಕ್ಕೇ.

ಮೊದಲು ಆಯಿಲ್. ಗಾಡಿ ಬಿಸಿಯಾಗಿರಲಿ, ಸಮತಟ್ಟು ಜಾಗದಲ್ಲಿರಲಿ. ಬ್ರೇಕ್ ಒತ್ತಿಕೊಂಡು ಎಲ್ಲಾ ಗೇರಿಗೂ ಒಮ್ಮೆ ಹಾಕಿ, ಪಿ (ಪಾರ್ಕಿಂಗ್) ಗೆ ತಂದು, ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡಿ. ಹೋಂಡಾದ ಹಳೆ ಗಾಡಿಗಳಲ್ಲಿ ಮಾತ್ರ ಇಂಜಿನ್ ಆಫ್ ಮಾಡಿ, ಒಂದೂವರೆ ನಿಮಿಷದೊಳಗೆ ನೋಡಬೇಕು. ಈಗಿನ ಎಷ್ಟೋ ಗಾಡಿಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಆಯಿಲಿನ ಉಷ್ಣತೆ ನೋಡಿಕೊಂಡು, ಕಂಪನಿ ಹೇಳಿದ ಡಿಗ್ರಿಯಲ್ಲಿ ಕೆಳಗಿನ ಓವರ್‌ಫ್ಲೋ ಪ್ಲಗ್ ಬಿಚ್ಚಬೇಕು. ಆಯಿಲ್ ಕಮ್ಮಿಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಎರಡರಲ್ಲೂ ನೊರೆ ಬರುತ್ತದೆ. ನೊರೆ ಒತ್ತಿದರೆ ಕುಗ್ಗುತ್ತದೆ, ಒತ್ತಡ ನಿಲ್ಲುವುದಿಲ್ಲ.

ಒಂದು ಹನಿ ಬಿಳಿ ಟಿಶ್ಯೂ ಮೇಲೆ ಹಾಕಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಬರೀ ಹಳೆಯದಾಗಿರಬಹುದು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟ್ ಸುಟ್ಟಿದೆ. ಸ್ಟ್ರಾಬೆರಿ ಮಿಲ್ಕ್‌ಶೇಕ್ ತರಹ ಗುಲಾಬಿ ಹಾಲಿನಂತಿದ್ದರೆ ಒಳಗೆ ನೀರು ಸೇರಿದೆ. ರೇಡಿಯೇಟರ್ ಒಳಗಿನ ಕೂಲರ್ ಒಡೆದಿರಬಹುದು, ಇಲ್ಲವೇ ಗಾಡಿ ಪ್ರವಾಹದ ನೀರಿಗೆ ಇಳಿದಿರಬಹುದು. ಅಂಥ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಪ್ಲೇಟಿನ ಅಂಟು ನೀರಿಗೆ ಬಿಟ್ಟುಹೋಗುತ್ತದೆ.

ಆಮೇಲೆ ಸ್ಕ್ಯಾನರ್ ಹಾಕಿ. ಕೋಡ್ ಸೊಲೆನಾಯ್ಡ್ (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ವಾಲ್ವ್) ಕಡೆ ಬೆರಳು ತೋರಿಸಿದರೆ ಕನೆಕ್ಟರ್ ತೆಗೆದು ಮೀಟರಿನಲ್ಲಿ ಓಮ್ ಅಳೆಯಿರಿ. ಟೊಯೊಟಾದ ಹಳೆ ಗೇರ್‌ಬಾಕ್ಸ್‌ಗಳಲ್ಲಿ ಗೇರ್ ಬದಲಿಸುವ ಸೊಲೆನಾಯ್ಡ್ 11ರಿಂದ 15 ಓಮ್ ಇರುತ್ತದೆ, ಒತ್ತಡದ ಸೊಲೆನಾಯ್ಡ್ 5ರ ಆಸುಪಾಸು. ಬೇರೆ ಗಾಡಿಗೆ ಅದರದೇ ಮ್ಯಾನುಯಲ್ ನೋಡಿ. ಜೊತೆಗೆ ಇಂಜಿನ್ ಮೌಂಟಿಂಗೂ ನೋಡಿಬಿಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಗೇರ್ ಹಾಕುವಾಗ ಧಡ್ ಅನ್ನುತ್ತಿದ್ದ ಗಾಡಿಯ ಬಾಕ್ಸನ್ನು ನಾನು ಎರಡು ದಿನ ಕೂತು ಬಿಚ್ಚಿದ್ದೆ. ಒಳಗೆಲ್ಲ ಚೆನ್ನಾಗಿತ್ತು, ಹರಿದಿದ್ದು ಮೌಂಟಿಂಗ್ ರಬ್ಬರ್. ಮಾಲೀಕರ ದುಡ್ಡು, ಸಮಯ ಎರಡೂ ಹೋಯಿತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈಗ ಕೈಗಡಿಯಾರದ ಪರೀಕ್ಷೆ. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕಾಲು ಬ್ರೇಕಿನ ಮೇಲಿರಲಿ. ಎನ್ (ನ್ಯೂಟ್ರಲ್) ನಿಂದ ಡಿ (ಡ್ರೈವ್) ಗೆ ಹಾಕಿ, ಗೇರ್ ಹಿಡಿದ ಸಣ್ಣ ತಳ್ಳು ಸಿಗುವವರೆಗೆ ಎಷ್ಟು ಹೊತ್ತು ಅಂತ ನೋಡಿ. ಟೊಯೊಟಾ ಪುಸ್ತಕಗಳಲ್ಲಿ ಡಿ ಗೆ 1.2 ಸೆಕೆಂಡ್, ಆರ್ (ರಿವರ್ಸ್) ಗೆ 1.5 ಸೆಕೆಂಡ್ ಒಳಗೆ ಅಂತ ಇದೆ. ನಡುವೆ ಒಂದು ನಿಮಿಷ ಬಿಟ್ಟು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಎರಡರಲ್ಲೂ ತಡವಾದರೆ ಪಂಪು, ಫಿಲ್ಟರ್ ಅಥವಾ ಒತ್ತಡ ನಿಯಂತ್ರಿಸುವ ವಾಲ್ವ್ ಕಡೆ ಅನುಮಾನ. ಡಿ ಯಲ್ಲಿ ಮಾತ್ರ ತಡವಾದರೆ ಗಾಡಿಯನ್ನು ಮುಂದಕ್ಕೆ ಒಯ್ಯುವ ಗೇರಿನ ಕ್ಲಚ್. ಬೆಳಗ್ಗೆ ಮಾತ್ರ ತಡ, ಬಿಸಿಯಾದ ಮೇಲೆ ಸರಿ ಅಂದರೆ ಸೀಲುಗಳು ಗಟ್ಟಿಯಾಗಿರಬಹುದು. ತಣ್ಣಗಿದ್ದಾಗ ಸರಿ, ಘಾಟಿ ಹತ್ತಿದ ಮೇಲೆ ಜಾರುತ್ತದೆ ಅಂದರೆ ತೆಳುವಾದ ಆಯಿಲ್ ಒಳಗೆಲ್ಲೋ ಸೋರುತ್ತಿದೆ, ಅಥವಾ ಪಂಪು ಸವೆದಿದೆ.

ಮುಂದಿನದು ಸ್ಟಾಲ್ ಟೆಸ್ಟ್, ಅಂದರೆ ಗಾಡಿಯನ್ನು ಬ್ರೇಕಿನಲ್ಲಿ ಹಿಡಿದಿಟ್ಟು ಇಂಜಿನ್ ಎಷ್ಟು ಆರ್‌ಪಿಎಂವರೆಗೆ ಏರುತ್ತದೆ ಅಂತ ನೋಡುವುದು. ಮಾಡುವ ಮುಂಚೆ ಮ್ಯಾನುಯಲ್ ಓದಿ, ಕೆಲವು ಗಾಡಿಗೆ ಕಂಪನಿಯೇ ಬೇಡ ಅನ್ನುತ್ತದೆ. ಹೊಸ ಗಾಡಿಗಳಲ್ಲಿ ಬ್ರೇಕ್, ಆಕ್ಸಿಲರೇಟರ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಇಂಜಿನ್ನನ್ನೇ ತಗ್ಗಿಸುತ್ತದೆ, ಆಗ ಸಿಗುವ ಅಂಕಿ ಸುಳ್ಳು. ನಾಲ್ಕೂ ಚಕ್ರ ಉರುಳದಂತೆ ಕಟ್ಟೆ ಕೊಡಿ. ಮುಂದೆ, ಹಿಂದೆ ಯಾರೂ ನಿಲ್ಲಬಾರದು, ಇದರಲ್ಲಿ ರಾಜಿ ಬೇಡ. ಹ್ಯಾಂಡ್‌ಬ್ರೇಕ್ ಎಳೆದು, ಎಡಗಾಲಲ್ಲಿ ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಡಿ ಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಎಲ್ಲಿ ನಿಂತಿತು ನೋಡಿ, ಬಿಡಿ. 5 ಸೆಕೆಂಡ್ ದಾಟಬಾರದು. ಎನ್ ನಲ್ಲಿ ಒಂದೆರಡು ನಿಮಿಷ ತಣಿಯಲು ಬಿಟ್ಟು, ಆರ್ ನಲ್ಲೂ ಮಾಡಿ.

ಪುಸ್ತಕದ ಅಂಕಿಗಿಂತ ಎರಡರಲ್ಲೂ ಜಾಸ್ತಿ ಬಂದರೆ ಒತ್ತಡ ಕಮ್ಮಿ. ಒಂದರಲ್ಲಿ ಮಾತ್ರ ಜಾಸ್ತಿ ಬಂದರೆ ಆ ಗೇರಿನ ಕ್ಲಚ್ ಜಾರುತ್ತಿದೆ. ಎರಡರಲ್ಲೂ ಕಮ್ಮಿ ಬಂದರೆ ಇಂಜಿನ್ ಸೋತಿದೆ, ಇಲ್ಲವೇ ಕನ್ವರ್ಟರ್ ಒಳಗೆ ಆಯಿಲಿನ ಹರಿವನ್ನು ತಿರುಗಿಸುವ ಸ್ಟೇಟರ್ ಹಿಡಿಯುತ್ತಿಲ್ಲ. ಪುಸ್ತಕದ ಅಂಕಿಗಿಂತ 600 ಆರ್‌ಪಿಎಂಗೂ ಮಿಕ್ಕಿ ಕೆಳಗಿದ್ದರೆ ಕನ್ವರ್ಟರ್ ಮೇಲೇ ಅನುಮಾನ ಜಾಸ್ತಿ. ಅಂಥ ಗಾಡಿ ನಿಂತಲ್ಲಿಂದ ಏಳಲು ಒದ್ದಾಡುತ್ತದೆ, ವೇಗ ಸಿಕ್ಕಮೇಲೆ ಸರಿ ಹೋಗುತ್ತದೆ.

ಕೊನೆಯ ತೀರ್ಪು ಗೇಜಿನದು. ಬಾಕ್ಸಿನ ಮೇಲೆ ಒತ್ತಡ ಅಳೆಯಲೆಂದೇ ಒಂದು ಪ್ಲಗ್ ಇರುತ್ತದೆ. ಅಲ್ಲಿ ಆಯಿಲ್ ಗೇಜ್ ಕೂರಿಸಿ ಐಡಲ್‌ನಲ್ಲೂ ಸ್ಟಾಲ್‌ನಲ್ಲೂ, ಡಿ ಮತ್ತು ಆರ್ ಎರಡಕ್ಕೂ ಓದಿ. ಆರ್ ನಲ್ಲಿ ಒತ್ತಡ ಸಹಜವಾಗಿಯೇ ಜಾಸ್ತಿ, ಹೆದರಬೇಡಿ. ಮುಳ್ಳು ಮೇಲೇಳದೆ ಗೇರ್ ಜಾರಿದರೆ ಹೈಡ್ರಾಲಿಕ್ ತೊಂದರೆ: ಫಿಲ್ಟರ್, ಪಂಪು, ಆಯಿಲನ್ನು ಆಯಾ ಕ್ಲಚ್ಚಿಗೆ ಹಂಚುವ ವಾಲ್ವ್ ಬಾಡಿ. ಇದರಲ್ಲಿ ಫಿಲ್ಟರನ್ನೂ, ಬಹಳಷ್ಟು ಗಾಡಿಗಳಲ್ಲಿ ವಾಲ್ವ್ ಬಾಡಿಯನ್ನೂ ಗೇರ್‌ಬಾಕ್ಸ್ ಇಳಿಸದೆಯೇ ತೆಗೆಯಬಹುದು. ಮುಳ್ಳು ಸರಿಯಾಗಿ ಎದ್ದೂ ಜಾರಿದರೆ ಪ್ಲೇಟ್ ಮುಗಿದಿದೆ, ಇಲ್ಲವೇ ಆ ಕ್ಲಚ್ಚಿನ ಸೀಲ್ ಹೋಗಿದೆ. ಆಗ ಇಳಿಸಲೇಬೇಕು.

ಸದ್ದಿಗೆ ಬಂದರೆ, ಪಿ ಯಲ್ಲೂ ಇದ್ದು ಇಂಜಿನ್ ರೇಸಿನ ಜೊತೆ ಏರುವ ಕುಂಯ್ ಸದ್ದು ಪಂಪು ಅಥವಾ ಕಟ್ಟಿದ ಫಿಲ್ಟರಿನದು. ಗಾಡಿಯ ವೇಗದ ಜೊತೆ ಏರುವುದು ಬೇರಿಂಗ್ ಅಥವಾ ಡಿಫರೆನ್ಷಿಯಲ್‌ದು. 60-80ರಲ್ಲಿ ಹಗುರವಾಗಿ ಹೋಗುವಾಗ ಸಾಲು ಹಂಪಿನ ಮೇಲೆ ಹೋದಂತೆ ನಡುಗಿದರೆ ಲಾಕಪ್ ಕ್ಲಚ್ (ಕನ್ವರ್ಟರ್ ಒಳಗೆ ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ನೇರವಾಗಿ ಬಿಗಿಯುವ ಕ್ಲಚ್) ನೋಡಿ. ಆಕ್ಸಿಲರೇಟರ್ ಹಾಗೇ ಹಿಡಿದು ಎಡಗಾಲಲ್ಲಿ ಬ್ರೇಕ್ ಮುಟ್ಟಿ. ಲಾಕಪ್ ಬಿಟ್ಟು ಆರ್‌ಪಿಎಂ ಸ್ವಲ್ಪ ಏರುತ್ತದೆ. ಅದೇ ಕ್ಷಣ ನಡುಕ ನಿಂತರೆ ಕಳ್ಳ ಸಿಕ್ಕಿದ. ಖಾಲಿ ರಸ್ತೆಯಲ್ಲಿ ಮಾತ್ರ ಮಾಡಿ.

ಆಯಿಲ್ ಚೇಂಬರ್ ಬಿಚ್ಚಿದಾಗ ಮ್ಯಾಗ್ನೆಟ್ ಒರೆಸಿ ನೋಡಿ. ಕಾಡಿಗೆಯಂಥ ನುಣ್ಣನೆ ಬೂದು ಪೇಸ್ಟ್ ಸಹಜ. ಉಗುರಿಗೆ ಸಿಗುವ ಕಬ್ಬಿಣದ ಚೂರು ಗೇರ್ ಅಥವಾ ಬೇರಿಂಗಿನದು. ಮ್ಯಾಗ್ನೆಟ್ ಹಿಡಿಯದ ಹಳದಿ ಚೂರು ಬುಷ್‌ನದು. ಚೇಂಬರ್ ತಳದಲ್ಲಿ ಕಪ್ಪು ಮಡ್ಡಿ ಕೂತಿದ್ದರೆ ಪ್ಲೇಟಿನ ಲೈನಿಂಗ್.

ಇಷ್ಟಾಗಿಯೂ ಇಳಿಸಬೇಕಾಗಿ ಬಂದರೆ, ವಾಲ್ವ್ ಬಾಡಿ ತೆಗೆದ ಮೇಲೆ ಕೂಡಲೇ ಎಲ್ಲವನ್ನೂ ಬಿಚ್ಚಿ ಹರಡಬೇಡಿ. ಕನ್ನಡಕ ಹಾಕಿಕೊಂಡು, ಪ್ರತಿ ಕ್ಲಚ್ಚಿನ ಆಯಿಲ್ ದಾರಿಗೆ ತೇವವಿಲ್ಲದ ಕಂಪ್ರೆಸರ್ ಗಾಳಿ ಬಿಡಿ, 50 ಪಿಎಸ್ಐ ಆಸುಪಾಸು ಸಾಕು. ಕ್ಲಚ್ ಹಿಡಿದರೆ ಒಳಗೆ ಠಪ್ ಅನ್ನುತ್ತದೆ. ಬರೀ ಸುಸ್ಸ್ ಅಂತ ಗಾಳಿ ಹೋದರೆ ಸೀಲ್ ಹೋಗಿದೆ. ಠಪ್ ಅನ್ನದ ಕ್ಲಚ್ಚಿನ ಡ್ರಮ್ಮಿಗೆ (ಪ್ಲೇಟುಗಳು ಕೂರುವ ಡಬ್ಬಿ) ಮಾರ್ಕರ್‌ನಲ್ಲಿ ಗುರುತು ಹಾಕಿ, ಬಿಚ್ಚುವ ಕೆಲಸ ಅಲ್ಲಿಂದಲೇ ಶುರು ಮಾಡಿ.